ಹಾಳೆಯೇ ಪಾತ್ರೆ, ಕಲ್ಲೇ ಒಲೆ: ಅಮಿಸ್ ಜನರ ಸಾರು

ಅಡಿಕೆ ಹಾಳೆಯಲ್ಲಿ, ಅಂದರೆ ಸೋಗೆಯ ಬುಡದ ಅಗಲ ಪೊರೆಯಲ್ಲಿ, ತಟ್ಟೆ, ತಲೆಗಿಡುವ ಮುಟ್ಟಾಳೆ ಮಾಡುವುದು ನಮ್ಮ ಮಲೆನಾಡು, ಕರಾವಳಿಯವರಿಗೆ ಗೊತ್ತು. ತೈವಾನಿನ ಪೂರ್ವ ತೀರದ ಅಮಿಸ್ ಜನ ಅದೇ ಹಾಳೆಯಲ್ಲಿ ನೀರು ತುಂಬಿ, ಕೆಂಪಗೆ ಕಾದ ಕಲ್ಲು ಇಳಿಸಿ ಸಾರು ಕುದಿಸುತ್ತಾರೆ. ಅಲ್ಲಿನ ಸರ್ಕಾರ ಗುರುತಿಸಿರುವ 16 ಮೂಲನಿವಾಸಿ ಸಮುದಾಯಗಳಲ್ಲಿ ಇವರದೇ ಅತಿ ದೊಡ್ಡದು. ಹೊಳೆಗೋ ಕಾಡಿಗೋ ಹೊರಟಾಗ ಪಾತ್ರೆ ಹೊರುವ ಗೋಜಿಲ್ಲ.

ಮೊದಲು ಕಲ್ಲು. ಇಡೀ ಅಡುಗೆ ನಿಂತಿರುವುದೇ ಇದರ ಮೇಲೆ, ಆರಿಸುವಾಗ ಅವಸರ ಬೇಡ. ಮುಷ್ಟಿ ಗಾತ್ರದ, ಕೈಗೆ ಭಾರ ಅನ್ನಿಸುವ, ನುಣುಪಾದ ಕಲ್ಲು ಬೇಕು. ಬಿರುಕು, ಪದರ, ರಂಧ್ರ ಕಂಡರೆ ಬಿಟ್ಟುಬಿಡಿ. ಹೊಳೆಯಿಂದ ಆಗಷ್ಟೇ ಎತ್ತಿದ್ದನ್ನು ಬೆಂಕಿಗೆ ಹಾಕಲೇಬಾರದು. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಹಿಗ್ಗಿದರೆ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೇ ಹಾರಬಹುದು. ಚೆನ್ನಾಗಿ ಒಣಗಿದ ಕಲ್ಲುಗಳನ್ನು ಸೌದೆ ಬೆಂಕಿಯ ನಡುವೆ ಇಟ್ಟು ಕೆಂಪಗೆ ಕಾಯಿಸಿ.

ಅಷ್ಟರಲ್ಲಿ ಪಾತ್ರೆ ಸಿದ್ಧಮಾಡಿ. ತಾನಾಗಿ ಉದುರಿದ ಅಗಲ ಹಾಳೆಯನ್ನು ತೊಳೆದು, ಬಗ್ಗುವಷ್ಟು ನೆನೆಸಿ. ತೋಟಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧಿ) ಹೊಡೆದ ದಿನಗಳಲ್ಲಿ ಬಿದ್ದ ಹಾಳೆ ಮಾತ್ರ ಬೇಡ. ಎರಡೂ ತುದಿಗಳನ್ನು ನೆರಿಗೆ ಹಿಡಿದು ಮೇಲಕ್ಕೆ ಮಡಚಿ, ಬಿದಿರು ಕಡ್ಡಿ ಚುಚ್ಚಿ. ಕಡ್ಡಿಯ ತೂತು ನೀರಿನ ಮಟ್ಟಕ್ಕಿಂತ ಮೇಲೇ ಇರಲಿ. ನೀರು ತುಂಬಿ, ಸೋರುತ್ತದೆಯೇ ನೋಡಿ.

ಸೊಪ್ಪು, ಸೀಗಡಿ, ಮೀನು, ಉಪ್ಪು ಹಾಕಿ. ಹ್ವಾಲಿಯೆನ್ ಜಿಲ್ಲೆಯ ಫಾತಾನ್ ಊರಿನವರು ಮೀನು ಹಿಡಿಯುವ ಬಗೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಜೌಗು ನೀರಿನ ತಳದಲ್ಲಿ ದಪ್ಪ ಬಿದಿರಿನ ಕೊಳವೆಗಳು, ಅವುಗಳ ಮೇಲೆ ಮರದ ಕೊಂಬೆಗಳು, ಬಿದಿರಿನ ಸಣ್ಣ ರೆಂಬೆಗಳು. ಹಾವುಮೀನು ಕೊಳವೆಯೊಳಗೆ ಸೇರಿಕೊಂಡರೆ, ಸೀಗಡಿ, ಸಣ್ಣ ಮೀನುಗಳು ಕೊಂಬೆಗಳ ಸಂದಿಯಲ್ಲಿ ನೆಲೆಸುತ್ತವೆ. ಇದಕ್ಕೆ ಪಲಾಕಾವ್ ಎಂದು ಹೆಸರು. ಮೀನಿಗೆ ಮೊದಲು ಮನೆ ಕಟ್ಟಿಕೊಟ್ಟು, ಆಮೇಲೆ ಬೇಕಾದಷ್ಟನ್ನೇ ಎತ್ತಿಕೊಳ್ಳುವ ಇಂಥ ಬುದ್ಧಿವಂತಿಕೆಗೆ ತಲೆಬಾಗಬೇಕು.

ಇನ್ನು ಕುದಿಸುವುದು. ಬಿದಿರಿನ ಚಿಮಟದಿಂದ ಕಲ್ಲೆತ್ತಿ, ಬೂದಿ ಕೊಡವಿ, ಬೇರೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಮೆಲ್ಲಗೆ ಸಾರಿಗೆ ಇಳಿಸಿ. ಎತ್ತರದಿಂದ ಹಾಕಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಲ್ಲು ತಣಿದಂತೆ ತೆಗೆದು ಇನ್ನೊಂದನ್ನು ಇಳಿಸುತ್ತಾ ಹೋಗಿ. ನೀರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಹಾಳೆ ಹೊತ್ತುವುದಿಲ್ಲ. ಆದರೆ ನೀರು ಇಂಗಿ ಒಣ ಹಾಳೆಗೆ ಕಲ್ಲು ತಾಗಿದರೆ ಸುಟ್ಟು ತೂತಾಗುತ್ತದೆ.

ಮೀನು ಬೆಂದೊಡನೆ ಬಡಿಸಿ. ಜೊತೆಗೆ ಅವರಲ್ಲಿ ಹಖಾಖ್, ಅಂದರೆ ಹಬೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ ಇರುತ್ತದೆ. ಹೊರತೆಗೆದ ಕಲ್ಲು ನೋಡಲು ಕಪ್ಪಾಗಿದ್ದರೂ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.