ಕೊನೆಯ ಸ್ಟ್ಯಾಂಡ್‌ನಲ್ಲಿ ಕೂತು ಕಲಿತದ್ದು

ರಾಷ್ಟ್ರೀಯ ಯುವ ಆರ್ಕೆಸ್ಟ್ರಾಗೆ ಆಯ್ಕೆಯಾದಾಗ ನನಗೆ 17 ವರ್ಷ. ಸಿಕ್ಕಿದ್ದು ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡ, ದನಿ ಕೆಳಗಿನ ವಾದ್ಯ) ಸಾಲಿನ ಕಟ್ಟಕಡೆಯ ಸ್ಟ್ಯಾಂಡ್, ಅಂದರೆ ಇಬ್ಬರು ಸ್ವರಗಳ ಹಾಳೆ ಹಂಚಿಕೊಂಡು ಕೂರುವ ಜಾಗ. ಹತ್ತು ವರ್ಷ ಒಬ್ಬಳೇ ಕೂತು ಮಾಡಿದ ಅಭ್ಯಾಸ ಅಲ್ಲಿ ಅರ್ಧಕ್ಕೆ ಮಾತ್ರ ಸಾಲುತ್ತದೆ ಅಂತ ಮೊದಲ ದಿನವೇ ಗೊತ್ತಾಯಿತು.

ಇಂಥ ಆರ್ಕೆಸ್ಟ್ರಾಗಳಲ್ಲಿ ವಯಸ್ಸಿನ ಮಿತಿ ಬಿಗಿ. ಬ್ರಿಟನ್‌ನದ್ದು 13ರಿಂದ 19 ವರ್ಷದವರಿಗೆ, ಅಮೆರಿಕದ್ದು 16ರಿಂದ 19. ಇಂಥ ಕಡೆ ಕೈಗೆ ಸಿಗುವ ವರ್ಷಗಳು ನಾಲ್ಕಾರು ಅಷ್ಟೇ. ಹಾಗಾಗಿ ನಾನು ಆಡಿಷನ್‌ಗೆ ಒಂದು ವರ್ಷ ಮೊದಲೇ ತಯಾರಿ ಶುರು ಮಾಡಿದ್ದೆ. ಒಂದು ಸೋಲೋ ನುಡಿಸಬೇಕಿತ್ತು, ಜೊತೆಗೆ ಆರ್ಕೆಸ್ಟ್ರಾ ಕೃತಿಗಳ ಆಯ್ದ ಭಾಗಗಳು. ಸೋಲೋ ಕಷ್ಟ ಆಗಲಿಲ್ಲ. ನನ್ನನ್ನು ಸತಾಯಿಸಿದ್ದು ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್‌ನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಸಂಗೀತದ ಸ್ಕೆರ್ಜೊ ಅನ್ನೋ ಚುರುಕಾದ ಭಾಗ. ಅದು ಬಲು ವೇಗ, ಆದರೆ ದನಿ ಏರಬಾರದು. ಕಮಾನು ತಂತಿಯ ಮೇಲೆ ಪುಟಿಯುತ್ತಲೇ ಇರಬೇಕು.

ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೊನೋಮ್ ಇಟ್ಟುಕೊಂಡು ಅರ್ಧ ವೇಗದಲ್ಲಿ ಶುರು ಮಾಡಿದೆ. ದಿನಕ್ಕೆ ಎರಡು ಅಂಕಿಗಿಂತ ಜಾಸ್ತಿ ಏರಿಸಲಿಲ್ಲ. ವೇಗ ಬಂತು, ಮೆಲುದನಿ ಬರಲಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಕಾರಣ ತಿಳಿಯಿತು: ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ನಾನು ಕಮಾನನ್ನು ಉದ್ದಕ್ಕೆ ಎಳೆಯುತ್ತಿದ್ದೆ. ಆಮೇಲೆ ಕಮಾನಿನ ಕಡ್ಡಿಗೆ ಎರಡು ಕಡೆ ಕಾಗದದ ಚೂರು ಅಂಟಿಸಿದೆ. ಅವುಗಳ ನಡುವೆ ಎರಡು ಬೆರಳಿನಷ್ಟೇ ಜಾಗ. ಅದನ್ನು ಬಿಟ್ಟು ಕಮಾನು ಆಚೆ ಹೋಗಬಾರದು. ಮೂರು ವಾರದಲ್ಲಿ ಕೈ ಮಾತು ಕೇಳಿತು.

ಆಡಿಷನ್‌ನಲ್ಲಿ ಒಂದು ಸಲ ನುಡಿಸಿದ ಮೇಲೆ, "ಇದನ್ನೇ ಇನ್ನೂ ಮೆತ್ತಗೆ ನುಡಿಸ್ತೀಯಾ?" ಅಂತ ತೀರ್ಪುಗಾರರು ಕೇಳಿದರು. ತಪ್ಪಿಲ್ಲದೆ ನುಡಿಸುವವರು ಬೇಕಾದಷ್ಟು ಜನ ಬಂದಿರುತ್ತಾರೆ. ಹೇಳಿದ ಹಾಗೆ ಆ ಕ್ಷಣದಲ್ಲೇ ಬದಲಿಸಬಲ್ಲಳಾ ಅಂತ ಅವರು ನೋಡುತ್ತಿದ್ದರು. ಹಾಗಾಗಿ ಒಂದೇ ಭಾಗವನ್ನು ಮೂರ್ನಾಲ್ಕು ಥರ ನುಡಿಸೋದನ್ನೂ ಅಭ್ಯಾಸ ಮಾಡಿ.

ಶಿಬಿರ ಶುರುವಾದ ಮೇಲೆ ಮೊದಲ ಕೆಲವು ದಿನ ಪ್ರತಿ ವಾದ್ಯದವರು ಬೇರೆ ಬೇರೆ ಕೋಣೆಯಲ್ಲಿ. ವೃತ್ತಿಪರ ಆರ್ಕೆಸ್ಟ್ರಾದಲ್ಲಿ ನುಡಿಸುವ ಒಬ್ಬರು ನಮ್ಮ ವಿಯೋಲಾ ಸಾಲಿಗೆ ಕಲಿಸಲು ಬಂದಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ. ಓಬೊ ಅನ್ನೋ ಊದುವ ವಾದ್ಯ 'ಎ' ಸ್ವರ ಕೊಟ್ಟಿತು, ನೂರಕ್ಕೂ ಹೆಚ್ಚು ಜನ ಶ್ರುತಿ ಸೇರಿಸಿಕೊಂಡೆವು. ಆ ಸದ್ದಿಗೆ ನನ್ನ ಕಣ್ಣು ತುಂಬಿತ್ತು.

ಐದೇ ನಿಮಿಷದಲ್ಲಿ ತೊಂದರೆ ಎದುರಾಯಿತು. ನಾನು ವಯಲಿನ್‌ಗಳನ್ನು ಕಿವಿಗೊಟ್ಟು ಕೇಳಿ, ಸರಿಯಾಗಿ ಅವರ ಜೊತೆಗೇ ನುಡಿಸುತ್ತಿದ್ದೆ. ಆದರೂ ತಡವಾಗುತ್ತಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯ ಆ ತುದಿಯಿಂದ 15 ಮೀಟರ್ ದಾಟಿ ನನಗೆ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಹತ್ತಿರ ಬೇಕು. ಕಮ್ಮಿ ಅನ್ನಿಸುತ್ತೆ, ಅಲ್ವಾ? ಆದರೆ ಅದೇ ಸ್ಕೆರ್ಜೊದ ವೇಗದಲ್ಲಿ ಅದು ಒಂದು ಸ್ವರದ ಮೂರನೇ ಒಂದು ಭಾಗ. ಕೇಳಿಸಿಕೊಂಡು ನುಡಿಸಿದರೆ ತಡ ಆಗಲೇಬೇಕು.

"ಕಿವಿಗೆ ಬೀಳೋವರೆಗೂ ಕಾಯಬೇಡ. ಮುಂದಿನವರ ಕಮಾನು ನೋಡು," ಅಂದರು ನಮ್ಮ ಮೇಷ್ಟ್ರು. ಅಂದಿನಿಂದ ಕಣ್ಣನ್ನು ಹಂಚಿಕೊಳ್ಳುವ ಅಭ್ಯಾಸ ಮಾಡಿದೆ. ಸ್ವರಗಳ ಹಾಳೆಯನ್ನು ಅರ್ಧ ಬಾಯಿಪಾಠ ಮಾಡದೆ ಇದು ಆಗುವುದಿಲ್ಲ. ರಾತ್ರಿ ವಾದ್ಯ ಮುಟ್ಟದೆ, ಹಾಳೆ ಮುಂದಿಟ್ಟುಕೊಂಡು ಬೆರಳು ಮಾತ್ರ ಆಡಿಸುತ್ತಿದ್ದೆ. ಮಾರನೇ ದಿನ ತಲೆ ಎತ್ತಿ ನೋಡಲು ಧೈರ್ಯ ಬರುತ್ತಿತ್ತು.

ಸ್ಟ್ಯಾಂಡ್ ಹಂಚಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಸಭಿಕರ ಕಡೆ ಕೂತವಳು ನುಡಿಸುತ್ತಲೇ ಇರುತ್ತಾಳೆ, ಒಳಗೆ ಕೂತ ನಾನು ಪುಟ ತಿರುವಬೇಕು. ಯಾವ ಬೆರಳು ಒತ್ತಬೇಕು ಅನ್ನೋ ಅವಳ ಗುರುತು ಹಾಳೆಯಲ್ಲಿ ಸ್ವರದ ಮೇಲೆ, ನನ್ನದು ಕೆಳಗೆ. ಮುಂದಿನ ಸ್ಟ್ಯಾಂಡ್‌ನಲ್ಲಿ ಕಮಾನಿನ ದಿಕ್ಕು ಬದಲಿಸಿದರೆ ಆ ಸುದ್ದಿ ಪಿಸುಮಾತಿನಲ್ಲಿ ಸಾಲು ಸಾಲಾಗಿ ಹಿಂದಕ್ಕೆ ಬರುತ್ತದೆ. ಪೆನ್ಸಿಲ್ ಇಲ್ಲದೆ ಯಾವತ್ತೂ ಕೂರಬೇಡಿ.

ಆ ವರ್ಷದ ಮುಖ್ಯ ಕೃತಿ ರಚನಕಾರ ಮಾಹ್ಲರ್‌ನ ಹತ್ತನೇ ಸಿಂಫನಿಯ ಅಡಾಜಿಯೊ ಅನ್ನೋ ನಿಧಾನಗತಿಯ ಭಾಗ. 1910ರಲ್ಲಿ ಬರೆಯಲು ಶುರು ಮಾಡಿದ ಈ ಸಿಂಫನಿಯನ್ನು ಮುಗಿಸುವ ಮುನ್ನ, 1911ರಲ್ಲಿ ಅವನು ತೀರಿಕೊಂಡ. ಅಡಾಜಿಯೊದ ಮೊದಲ 15 ಬಾರ್ (ತಾಳದ ಆವರ್ತದಂಥ ಅಳತೆ) ಬರೀ ವಿಯೋಲಾಗಳದ್ದು, ಜೊತೆಗೆ ಬೇರೆ ಯಾವ ವಾದ್ಯವೂ ಇಲ್ಲ. ತುಂಬಾ ಮೆತ್ತಗೆ ನುಡಿಸಬೇಕು. ಒಬ್ಬರ ಕೈ ನಡುಗಿದರೂ ಇಡೀ ಸಭಾಂಗಣಕ್ಕೆ ಕೇಳುತ್ತದೆ.

ಇದಕ್ಕಾಗಿ ಮೇಷ್ಟ್ರು ನಮ್ಮ 12 ಜನರನ್ನೂ ವೃತ್ತವಾಗಿ, ಬೆನ್ನಿಗೆ ಬೆನ್ನು ಮಾಡಿ ಕೂರಿಸಿದರು. ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವ ಕಂಡಕ್ಟರ್ ಇಲ್ಲ, ಕಮಾನೂ ಕಾಣುವುದಿಲ್ಲ. ಕೇಳಿಸೋದು ಉಸಿರು ಮಾತ್ರ. ಒಟ್ಟಿಗೆ ಉಸಿರೆಳೆದುಕೊಂಡು ಮೊದಲ ಸ್ವರ ಹಿಡಿಯಬೇಕು. ಮೊದಲ ದಿನ ಒಂದು ಸಲವೂ ಕೂಡಿಬರಲಿಲ್ಲ. ನಾಲ್ಕನೇ ದಿನ ಬಂತು. ಅಷ್ಟು ಹತ್ತಿರ ಕೂತಿದ್ದಕ್ಕೆ ಅಲ್ಲಿ ಸದ್ದು ತಡವಾಗುತ್ತಿರಲಿಲ್ಲ. ನಮ್ಮ ಒಂದು ಸಾಲಿನೊಳಗೆ ಕಿವಿಯನ್ನು ನಂಬಬಹುದು, ವೇದಿಕೆಯ ಆ ತುದಿಗೆ ಕಣ್ಣನ್ನೇ ನಂಬಬೇಕು ಅನ್ನೋದು ನನಗೆ ಅಲ್ಲಿ ಸರಿಯಾಗಿ ಅರ್ಥವಾಯಿತು.

ಕಛೇರಿಯ ರಾತ್ರಿ ಕಂಡಕ್ಟರ್ ಕೈ ಎತ್ತಿದರು. ಮುಂದೆ ಕೂತಿದ್ದ ನಮ್ಮ ಸಾಲಿನ ನಾಯಕಿಯ ಭುಜ ಒಂದಿಷ್ಟು ಮೇಲೆದ್ದಿತು, ಹನ್ನೆರಡೂ ಜನ ಉಸಿರೆಳೆದುಕೊಂಡೆವು. 16ನೇ ಬಾರ್‌ನಲ್ಲಿ ವಯಲಿನ್‌ಗಳು ಬರುವವರೆಗೂ ನನ್ನ ಸ್ವರ ಯಾವುದು, ಪಕ್ಕದವಳದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ.