ಸಂಬಳ ಕಡಿಮೆ, ಕೆಲಸ ಮನೆಯಿಂದ: ಒಪ್ಪುವ ಮುನ್ನ ಹೀಗೆ ಲೆಕ್ಕ ಹಾಕಿ

ಸಂಬಳ ಶೇ 15ರಷ್ಟು ಕಡಿಮೆ, ಆದರೆ ಪೂರ್ತಿ ಮನೆಯಿಂದಲೇ ಕೆಲಸ. ಇಂಥ ಆಫರ್ ಬಂದಾಗ ಕೆಲವರು ‘ಶೇ 15’ ಎಂಬುದನ್ನು ನೋಡಿಯೇ ಹಿಂದೆ ಸರಿಯುತ್ತಾರೆ, ಇನ್ನು ಕೆಲವರು ‘ಮನೆಯಿಂದ’ ಎಂಬುದನ್ನು ಕೇಳಿಯೇ ಸಹಿ ಹಾಕುತ್ತಾರೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಒಂದು ಹಾಳೆ, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಅರ್ಧ ಗಂಟೆಯ ಕೆಲಸ.

1. ಕೈಗೆ ಬರುವ ಸಂಬಳವನ್ನೇ ಹೋಲಿಸಿ

ತೆರಿಗೆ ಹಂತ ಹಂತವಾಗಿ ಏರುವ ಕಡೆಗಳಲ್ಲಿ, ಕಡಿತವಾಗುವುದು ಅತಿ ಹೆಚ್ಚು ತೆರಿಗೆ ಬೀಳುವ ಮೇಲಿನ ಮೊತ್ತದಿಂದ. ಹಾಗಾಗಿ ಒಟ್ಟು ಸಂಬಳ ಶೇ 15ರಷ್ಟು ಇಳಿದರೂ ಕೈಗೆ ಬರುವುದು ಶೇ 12ರಷ್ಟೇ ಇಳಿಯಬಹುದು. ಇದನ್ನು ನೋಡಿ ಬೀಗಬೇಡಿ. ಭವಿಷ್ಯನಿಧಿಗೆ ಕಂಪನಿ ಹಾಕುವ ಪಾಲು, ಬೋನಸ್ ಇವೆಲ್ಲ ಸಂಬಳದ ಶೇಕಡಾವಾರು ಲೆಕ್ಕದಲ್ಲಿದ್ದರೆ ಅವೂ ಇಳಿಯುತ್ತವೆ. ಆ ನಷ್ಟ ಕೈಗೆ ಬರುವ ಸಂಬಳದಲ್ಲಿ ಕಾಣುವುದಿಲ್ಲ, ಬೇರೆಯಾಗಿಯೇ ಬರೆದುಕೊಳ್ಳಿ.

2. ನಿಜಕ್ಕೂ ನಿಲ್ಲುವ ಖರ್ಚನ್ನಷ್ಟೇ ಕಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ವಾಹನದ ಇಂಧನ, ಪಾರ್ಕಿಂಗ್, ಹೊರಗಿನ ಊಟ ನಿಲ್ಲುತ್ತವೆ. ವಾಹನದ ಸಾಲದ ಕಂತು, ವಿಮೆ, ತೆರಿಗೆ ನಿಲ್ಲುವುದಿಲ್ಲ. ವಾಹನ ಮಾರಿದರೆ ಮಾತ್ರ ಅದು ಉಳಿತಾಯ. ಮಾಸಿಕ ಪಾಸ್ ಕೂಡ ಹಾಗೆಯೇ, ವಾರಕ್ಕೆ ಎರಡು ದಿನ ಕಚೇರಿಗೆ ಹೋಗಬೇಕಾದರೂ ಅದನ್ನು ಕೊಳ್ಳುವುದೇ ಲಾಭವಾಗಿಬಿಡಬಹುದು. ‘ಬಾಡಿಗೆ ಕಡಿಮೆ ಇರುವ ಕಡೆ ಹೋಗುತ್ತೇವೆ’ ಎಂಬ ಉಳಿತಾಯವನ್ನು, ಮನೆ ಬದಲಿಸುವುದು ಖಚಿತವಾಗುವವರೆಗೆ ಸೊನ್ನೆ ಎಂದೇ ಬರೆಯಿರಿ.

ಮನೆಯ ಕಡೆಯ ಖರ್ಚೂ ಇದೆ: ಹೆಚ್ಚುವರಿ ವಿದ್ಯುತ್, ವೇಗದ ಬ್ರಾಡ್‌ಬ್ಯಾಂಡ್, ಅದು ಕೈಕೊಟ್ಟಾಗ ಬೇಕಾಗುವ ಎರಡನೇ ಸಂಪರ್ಕ. ಕುರ್ಚಿ, ಮೇಜು, ಮಾನಿಟರ್ ಒಮ್ಮೆ ಕೊಳ್ಳುವಂಥವು, ಒಟ್ಟು ಬೆಲೆಯನ್ನು 36 ತಿಂಗಳಿಗೆ ಹಂಚಿ. ಊಟದ ಮೇಜಿನ ಕುರ್ಚಿಯಲ್ಲೇ ಸಾಗಿಸುತ್ತೇವೆ ಎಂದುಕೊಂಡವರು ನಂತರ ಬೆನ್ನುನೋವಿಗೆ ದುಡ್ಡು ಸುರಿಯುತ್ತಾರೆ.

3. ಗಂಟೆಗೆ ಎಷ್ಟು ಬಿತ್ತು?

ಈಗ ಕೈಗೆ ಬರುವುದನ್ನು 100 ಪಾಲು ಎಂದುಕೊಳ್ಳಿ. ಕಚೇರಿಗೆ ಹೋಗುವ ಖರ್ಚು 14 ಪಾಲು ಕಳೆದರೆ ಉಳಿಯುವುದು 86. ಕೆಲಸ 9 ಗಂಟೆ, ಹೋಗಿ ಬರಲು 2, ಹೊರಡುವ ತಯಾರಿಗೆ ಅರ್ಧ. ತಿಂಗಳ 22 ದಿನಕ್ಕೆ 253 ಗಂಟೆ. ಅಂದರೆ 100 ಗಂಟೆಗೆ 34 ಪಾಲು.

ಮನೆಯಿಂದಾದರೆ 88 ಪಾಲು, ಖರ್ಚು 3 ಕಳೆದು 85. ದಿನಕ್ಕೆ 9 ಗಂಟೆಯ ಬದಲು 9.5 ಹಾಕಿ, ಏಕೆಂದರೆ ಲ್ಯಾಪ್‌ಟಾಪ್ ಮುಚ್ಚುವುದು ತಡವಾಗುತ್ತದೆ. 209 ಗಂಟೆ, 100 ಗಂಟೆಗೆ ಸುಮಾರು 40.7 ಪಾಲು. ಹಣ ಒಂದೇ ಪಾಲು ಕಡಿಮೆ, ಕೈಗೆ ಸಿಕ್ಕ ಸಮಯ 44 ಗಂಟೆ.

ಅದೇ ಕಚೇರಿ ಹತ್ತಿರವಿದ್ದು, ಪ್ರಯಾಣ, ತಯಾರಿ ಎರಡೂ ಸೇರಿ ದಿನಕ್ಕೆ 1 ಗಂಟೆ, ಖರ್ಚು 4 ಪಾಲು ಎಂದುಕೊಂಡರೆ? 220 ಗಂಟೆಗೆ 96 ಪಾಲು, 100 ಗಂಟೆಗೆ 43.6. ಲೆಕ್ಕ ತಿರುಗಿಬಿತ್ತು. ಹಾಗಾಗಿ ಸ್ನೇಹಿತರು ಒಪ್ಪಿಕೊಂಡರು ಎಂಬುದು ನಿಮಗೆ ಆಧಾರವಲ್ಲ.

ಉಳಿದ ಗಂಟೆಯನ್ನು ಪೂರ್ತಿ ಸಂಬಳದ ದರದಲ್ಲಿ ಹಣವಾಗಿ ಎಣಿಸಬೇಡಿ. ಸಾರಿಗೆ ಯೋಜನೆಗಳಲ್ಲಿ ಸ್ವಂತ ಪ್ರಯಾಣದ ಸಮಯಕ್ಕೆ ಗಂಟೆಯ ಗಳಿಕೆಯ ಅರ್ಧದಷ್ಟು ಬೆಲೆ ಕಟ್ಟುವ ರೂಢಿಯಿದೆ. ಇಲ್ಲೂ ಅದೇ ಸಾಕು. 27 ದೇಶಗಳ ಸಮೀಕ್ಷೆಯೊಂದರಲ್ಲಿ, ಮನೆಯಿಂದ ಕೆಲಸ ಮಾಡುವವರಿಗೆ ಪ್ರಯಾಣದಿಂದ ದಿನಕ್ಕೆ ಸರಾಸರಿ 72 ನಿಮಿಷ ಉಳಿದಿತ್ತು. ಅದರಲ್ಲಿ ಸುಮಾರು ಶೇ 40 ಮತ್ತೆ ಕೆಲಸಕ್ಕೇ ಹೋಗಿತ್ತು!

4. ಐದು ವರ್ಷ ಮುಂದಕ್ಕೆ ನೋಡಿ

ಇನ್‌ಕ್ರಿಮೆಂಟ್ ಸಿಗುವುದು ಇರುವ ಸಂಬಳದ ಮೇಲೆ. ವರ್ಷಕ್ಕೆ ಶೇ 8ರಂತೆ ಏರಿದರೆ ಐದು ವರ್ಷಕ್ಕೆ ಒಟ್ಟು ಸಂಬಳ 100 ಇದ್ದದ್ದು 147, 85 ಇದ್ದದ್ದು 125. ವ್ಯತ್ಯಾಸ 15ರಿಂದ 22ಕ್ಕೆ ಬಂತು. ಪ್ರಯಾಣದ ಉಳಿತಾಯ ಬೆಲೆಯೇರಿಕೆಯಷ್ಟೇ ಏರುತ್ತದೆ. ಮುಂದಿನ ಕಂಪನಿ ‘ಈಗಿನ ಸಂಬಳ ಎಷ್ಟು’ ಎಂದು ಕೇಳಿದಾಗಲೂ ಹೇಳಬೇಕಾದದ್ದು ಈ ಇಳಿದ ಅಂಕಿಯನ್ನೇ. ನಿವೃತ್ತಿ ಹತ್ತಿರವಿರುವವರಿಗೆ ಈ ಹೊರೆ ಹಗುರ. ಆದರೆ ಪಿಂಚಣಿಯನ್ನು ಕೊನೆಯ ವರ್ಷಗಳ ವೇತನದ ಮೇಲೆ ಲೆಕ್ಕ ಹಾಕುವುದಾದರೆ ಅವರಿಗೇ ಪೆಟ್ಟು ಹೆಚ್ಚು.

ಬಡ್ತಿಯ ಪ್ರಶ್ನೆಯೂ ಇದೆ. ಚೀನಾದ ಸಿಟ್ರಿಪ್ ಸಂಸ್ಥೆಯ ಕಾಲ್‌ಸೆಂಟರ್‌ನಲ್ಲಿ 2010–11ರಲ್ಲಿ ನಡೆದ ಒಂಬತ್ತು ತಿಂಗಳ ಪ್ರಯೋಗದಲ್ಲಿ, ಮನೆಯಿಂದ ದುಡಿದವರ ಸಾಧನೆ ಶೇ 13ರಷ್ಟು ಏರಿತು. ಆದರೆ ಅಷ್ಟೇ ಸಾಧನೆ ತೋರಿದ ಕಚೇರಿಯವರಿಗಿಂತ ಅವರಿಗೆ ಬಡ್ತಿ ಸಿಗುವ ಪ್ರಮಾಣ ತಗ್ಗಿತು.

5. ಕಾಗದದಲ್ಲಿ ಬರೆಸಿಕೊಳ್ಳಿ

ಇಳಿದ ಸಂಬಳ ಒಪ್ಪಂದದಲ್ಲಿ ಇರುತ್ತದೆ. ಮನೆಯಿಂದ ಕೆಲಸ ಮಾತ್ರ ಬಹಳ ಸಲ ಎಚ್‌ಆರ್ ಬಾಯಿಮಾತು, ಇಲ್ಲವೇ ‘ಕಂಪನಿಯ ವಿವೇಚನೆಗೆ ಒಳಪಟ್ಟು’ ಎಂಬ ಒಂದು ಸಾಲು. ಒಂದು ಇಮೇಲ್ ಬಂದರೆ ಸೌಲಭ್ಯ ಹೋಯಿತು, ಸಂಬಳ ಮಾತ್ರ ಇಳಿದಲ್ಲೇ ಉಳಿಯಿತು. ಆದ್ದರಿಂದ ಆಫರ್ ಲೆಟರ್‌ನಲ್ಲೇ ಇರಬೇಕಾದದ್ದು: ಕೆಲಸದ ಸ್ಥಳ ‘ಮನೆ’ ಎಂದು, ಕಚೇರಿಗೆ ಬರಬೇಕಾದ ದಿನಗಳೆಷ್ಟು, ಆ ಪ್ರಯಾಣದ ಖರ್ಚು ಯಾರದು, ವಾಪಸು ಕರೆಯುವುದಾದರೆ ಎಷ್ಟು ತಿಂಗಳ ಮುನ್ಸೂಚನೆ, ಆಗ ಸಂಬಳ ಹಿಂದಿನ ಮಟ್ಟಕ್ಕೆ ಏರುತ್ತದೆಯೇ. ಕೊನೆಯದಕ್ಕೆ ಒಪ್ಪದಿದ್ದರೆ, ಮನೆಯಿಂದ ಕೆಲಸ ಎರಡೇ ವರ್ಷ ಇರುತ್ತದೆ ಎಂದುಕೊಂಡು ಲೆಕ್ಕವನ್ನು ಮತ್ತೆ ಹಾಕಿ.

6. ಮೊದಲೇ ಬದುಕಿ ನೋಡಿ

ಸಮಯವಿದ್ದರೆ, ಸಂಬಳ ಬಂದ ದಿನವೇ ಕಡಿತವಾಗಲಿರುವ ಮೊತ್ತವನ್ನು ಬೇರೆ ಖಾತೆಗೆ ಹಾಕಿ. ಆ ತಿಂಗಳ ಪ್ರಯಾಣ, ಹೊರಗಿನ ಊಟಕ್ಕೆ ಮಾತ್ರ ಅದರಿಂದ ತೆಗೆಯಬಹುದು. ಹೀಗೆ ಮೂರು ತಿಂಗಳು. ಬೇರೆ ಯಾವುದಕ್ಕಾದರೂ ಆ ಖಾತೆಗೆ ಕೈ ಹಾಕಬೇಕಾಯಿತೇ? ಹಾಗಾದರೆ ಎಷ್ಟು ತೆಗೆದಿರೋ ಅಷ್ಟನ್ನು ಸಂಬಳದಲ್ಲಿ ಹೆಚ್ಚಿಸುವಂತೆ ಕೇಳಿ.