ನನ್ನ ರೆಕಾರ್ಡುಗಳನ್ನು ಮಾರಿದ್ದು ಹೀಗೆ

ಮಾರಿಬಿಡೋಣ ಅಂತ ಮನಸ್ಸು ಮಾಡಿದಾಗ ನನ್ನ ಹತ್ತಿರ ನಾನೂರು ಚಿಲ್ಲರೆ ಎಲ್‌ಪಿಗಳಿದ್ದವು, ಅಂದರೆ ಹಾಡಿನ ದೊಡ್ಡ ಕರಿ ತಟ್ಟೆಗಳು; ಸೀಡಿಗಳು ಅದಕ್ಕೂ ಹೆಚ್ಚು. ಕಾರಣ ಇಷ್ಟೇ: ಚಿಕ್ಕ ಮನೆಗೆ ಹೋಗಬೇಕಿತ್ತು, ರೆಕಾರ್ಡು ಅಂದರೆ ಭಾರ. ಎಲ್‌ಪಿಗಳನ್ನು ಒಂದು ಅಡಿ ಉದ್ದಕ್ಕೆ ನಿಲ್ಲಿಸಿ ಜೋಡಿಸಿದರೆ ಅದೇ 15 ಕಿಲೋ ದಾಟುತ್ತದೆ.

ಮೊದಲು ಹಳೇ ರೆಕಾರ್ಡುಗಳ ವ್ಯಾಪಾರಿಯೊಬ್ಬರನ್ನು ಕರೆಸಿದೆ. ಇಪ್ಪತ್ತು ನಿಮಿಷ ಮಾತಿಲ್ಲದೆ ಸರಸರ ಮಗುಚಿ ನೋಡಿ, ಒಟ್ಟಿಗೆ ಇಷ್ಟು ಅಂತ ಒಂದು ಮೊತ್ತ ಹೇಳಿದರು. ಎದೆ ಧಸಕ್ಕೆಂದಿತು. ಮೋಸ ಅಂತ ಆಗ ಅನ್ನಿಸಿತ್ತು, ಈಗ ಹಾಗನ್ನಿಸುವುದಿಲ್ಲ. ತೊಳೆಯಬೇಕು, ಇಡಲು ಜಾಗ ಬೇಕು, ಅರ್ಧಕ್ಕರ್ಧ ವರ್ಷಗಟ್ಟಲೆ ಹೋಗುವುದೇ ಇಲ್ಲ. ಆದರೆ ನಾನು ಒಂದನ್ನು ಗಮನಿಸಿದ್ದೆ. ಅವರ ಬೆರಳು ಎಲ್ಲ ಕಡೆ ಓಡುತ್ತಿದ್ದದ್ದು ಕೆಲವು ಕಡೆ ಅರೆಕ್ಷಣ ನಿಲ್ಲುತ್ತಿತ್ತು. ಆ ಸಂಜೆ ನೆನಪಿದ್ದಷ್ಟನ್ನು ಎತ್ತಿ ಬೇರೆ ಇಟ್ಟೆ. ಮೂವತ್ತರ ಹತ್ತಿರ ಆಯಿತು. ಬಿಡಿಬಿಡಿಯಾಗಿ ಮಾರುವ ಕೆಲಸ ಶುರುವಾದದ್ದು ಆ ಮೂವತ್ತರಿಂದ.

ಕೈಲಿರುವುದು ಯಾವ ಪ್ರತಿ ಅಂತ ಗುರುತಿಸುವುದೇ ಮೊದಲ ಪಾಠ. ಒಂದೇ ಆಲ್ಬಮ್ಮನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಹತ್ತಾರು ಸಲ ಅಚ್ಚು ಹಾಕಿರುತ್ತಾರೆ. ಸಂಗ್ರಾಹಕರು ದುಡ್ಡು ಕೊಡುವುದು ಅದರಲ್ಲಿ ಒಂದೆರಡಕ್ಕೆ. ಕವರಿನ ಹಿಂದಿರುವ ವರ್ಷವನ್ನು ನಂಬಿ ನಾನೂ ಬೇಸ್ತುಬಿದ್ದೆ. ಅದು ಹೆಚ್ಚಾಗಿ ಹಕ್ಕುಸ್ವಾಮ್ಯದ ವರ್ಷ, ಆ ತಟ್ಟೆ ಅಚ್ಚಾದ ವರ್ಷವಲ್ಲ. ನಿಜವಾದ ಜಾತಕ ಇರುವುದು ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಉಳಿಯುವ ನುಣುಪು ಪಟ್ಟಿಯಲ್ಲಿ. ಅಲ್ಲಿ ಮ್ಯಾಟ್ರಿಕ್ಸ್ ನಂಬರ್, ಅಂದರೆ ಯಾವ ಅಚ್ಚು ಅಂತ ಹೇಳುವ ಗುರುತು ಇರುತ್ತದೆ, ಕೆಲವು ಒತ್ತಿದ್ದು, ಕೆಲವು ಕೈಯಲ್ಲಿ ಕೊರೆದದ್ದು. ತಟ್ಟೆಯನ್ನು ಓರೆ ಹಿಡಿದು ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಅಕ್ಷರ ಎದ್ದು ಕಾಣುತ್ತದೆ. ಒಂದನ್ನು ಏಳು ಅಂತ ಓದಿ ಅರ್ಧ ದಿನ ಹಾಳು ಮಾಡಿಕೊಂಡದ್ದೂ ಉಂಟು.

ಆ ನಂಬರನ್ನು ಡಿಸ್ಕಾಗ್ಸ್‌ನಲ್ಲಿ ಹುಡುಕಿದೆ. 2000ದಲ್ಲಿ ಶುರುವಾದ ಈ ತಾಣದಲ್ಲಿ ಪ್ರತಿಯೊಂದು ಅಚ್ಚಿಗೂ ಬೇರೆ ಪುಟ ಇದೆ, ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವ ಲೆಕ್ಕವೂ ಇದೆ. ಜನ ಕೇಳುತ್ತಿರುವ ಬೆಲೆಯನ್ನು ನೋಡಿ ಖುಷಿಪಡಬಾರದು. ಕೇಳಲು ಯಾರು ಎಷ್ಟು ಬೇಕಾದರೂ ಕೇಳಬಹುದು. ಹೋದ ಬೆಲೆಯನ್ನು ನೋಡಬೇಕು. ಅದರಲ್ಲೂ ತಾಣ ತೋರಿಸುವ ನಡುವಿನ ಬೆಲೆಯಲ್ಲಿ ಹೊಸದರಂತಿರುವುದು, ಗೀರುಬಿದ್ದದ್ದು ಎಲ್ಲ ಸೇರಿರುತ್ತವೆ ಅನ್ನುವುದು ನೆನಪಿರಲಿ.

ಇನ್ನು ದರ್ಜೆಯ ವಿಷಯ. ಪೆಟ್ಟು ತಿಂದದ್ದು ಇಲ್ಲೇ. ಹೆಚ್ಚಿನವರು ಬಳಸುವುದು ರೆಕಾರ್ಡು ಸಂಗ್ರಾಹಕರ ಗೋಲ್ಡ್‌ಮೈನ್ ಪತ್ರಿಕೆಯ ಹೆಸರಿನ ದರ್ಜೆಪಟ್ಟಿ: ಮಿಂಟ್ (ಹೊಚ್ಚಹೊಸದು), ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಹೀಗೆ ಇಳಿಯುತ್ತ ಹೋಗುತ್ತದೆ. ಮಜಾ ಅಂದರೆ ಇದರಲ್ಲಿ ‘ಗುಡ್’ ಅಂದರೆ ಚೆನ್ನಾಗಿಲ್ಲ ಅಂತಲೇ ಅರ್ಥ, ಪರಪರ ಸದ್ದಿನ ನಡುವೆ ಹಾಡು ಕೇಳಬೇಕು. ನಾನು ಮೊದಲು ಮಾರಿದ ದುಬಾರಿ ಎಲ್‌ಪಿಯನ್ನು ಕೋಣೆಯ ಬೆಳಕಿನಲ್ಲಿ ನೋಡಿ ನಿಯರ್ ಮಿಂಟ್ ಅಂತ ಬರೆದುಬಿಟ್ಟೆ. ನನ್ನ ರೆಕಾರ್ಡು, ನಾನೇ ಜೋಪಾನ ಮಾಡಿದ್ದು, ಇನ್ನೇನಿರುತ್ತದೆ? ತಲುಪಿದ ಮರುದಿನ ಕೊಂಡವರು ಒಂದು ಫೋಟೋ ಕಳಿಸಿದರು. ಎರಡನೇ ಹಾಡಿನ ಮೇಲೆ ಕೂದಲೆಳೆಯಂಥ ಗೀರುಗಳ ಕಂತೆ, ಒಳಕವರಿನಿಂದ ಎಳೆದು ತಳ್ಳಿ ಆದದ್ದು. ನಡುವಿನ ರಂಧ್ರದ ಸುತ್ತ, ಲೇಬಲ್ಲಿನ ಮೇಲೆ, ಜೇಡ ಓಡಾಡಿದ ಹಾಗೆ ಗೆರೆಗಳು: ಪ್ಲೇಯರಿನ ಕಡ್ಡಿ ಹುಡುಕುತ್ತ ಕತ್ತಲಲ್ಲಿ ತಟ್ಟೆ ಇಟ್ಟ ನನ್ನ ವರ್ಷಗಳ ದಾಖಲೆ. ಮನುಷ್ಯ ಜಗಳಕ್ಕೆ ಬರಲಿಲ್ಲ, ಫೋಟೋ ಮಾತ್ರ ಕಳಿಸಿದ. ಪೂರ್ತಿ ದುಡ್ಡು ವಾಪಸ್ ಮಾಡಿದೆ, ಎರಡು ಕಡೆಯ ಸಾಗಣೆ ಖರ್ಚೂ ನನ್ನ ತಲೆಗೇ ಬಂತು.

ಅಂದಿನಿಂದ ಮೇಜಿನ ಮೇಲೆ ಒಂದು ಪ್ರಖರ ದೀಪ ಬಂತು. ತಟ್ಟೆಯನ್ನು ಅದರ ಕೆಳಗೆ ನಿಧಾನಕ್ಕೆ ಓಲಾಡಿಸಿ ನೋಡುತ್ತೇನೆ. ಗೀರು ಕಂಡರೆ ಉಗುರಿನ ಹಿಂಬದಿಯನ್ನು ಹಗುರಾಗಿ ಆಡಿಸುತ್ತೇನೆ. ತಡೆದರೆ ಪ್ಲೇಯರಿನ ಮುಳ್ಳಿಗೂ ತಡೆಯುತ್ತದೆ, ಟಕ್ ಟಕ್ ಅನ್ನುತ್ತದೆ. ಅನುಮಾನ ಬಂದದ್ದನ್ನು ಹಾಕಿ ಕೇಳುತ್ತೇನೆ, ಏಕೆಂದರೆ ಕನ್ನಡಿಯಂತೆ ಹೊಳೆಯುವ ತಟ್ಟೆಯ ಹಾಡಿನ ಗೆರೆಗಳನ್ನೂ ಸವೆದ ಮುಳ್ಳು ತಿಂದುಹಾಕಿರಬಹುದು. ಕವರಿಗೆ ಬೇರೆ ದರ್ಜೆ: ಅಂಚು ಬಿರಿದಿದೆಯೇ, ಒಳಗಿನ ತಟ್ಟೆಯ ದುಂಡು ಗುರುತು ಎದ್ದಿದೆಯೇ, ಹಳಬರ ಹೆಸರು ಬರೆದಿದೆಯೇ. ಎರಡು ದರ್ಜೆಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಬರೆಯುತ್ತೇನೆ. ‘ಎರಡನೇ ಬದಿ, ಮೊದಲ ಹಾಡು, ಆರು ಸಲ ಮೆಲ್ಲಗೆ ಟಿಕ್’ ಅಂತ ಬರೆದದ್ದೂ ಮಾರಾಟವಾಗಿದೆ, ಅದೂ ಬೇಗ.

ತೊಳೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಒರೆಸು, ಲೇಬಲ್ ನೆನೆಯದಿರಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ತಟ್ಟೆಗಳಿಗೆ ಮಾತ್ರ ಸ್ಪಿರಿಟ್ಟು ಸೋಕಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ.

ಸೀಡಿಗಳಲ್ಲಿ ನಾನು ಮಾಡಿದ ದಡ್ಡತನ ನೆನೆದರೆ ಈಗಲೂ ನಾಚಿಕೆ. ಜಾಗ ಉಳಿಸಲು ನೂರಾರನ್ನು ಜಿಪ್ಪಿನ ಆಲ್ಬಮ್ಮಿಗೆ ತುಂಬಿ, ಡಬ್ಬಿಗಳನ್ನು ಕಸಕ್ಕೆ ಹಾಕಿದ್ದೆ. ಡಬ್ಬಿ ಹೋದರೆ ಹೊಸದು ಸಿಗುತ್ತದೆ. ಅದರ ಬೆನ್ನಿಗಿದ್ದ ಹಾಡಿನ ಪಟ್ಟಿಯ ಕಾಗದವೂ ಜೊತೆಗೆ ಹೋಯಿತಲ್ಲ, ಅದು ಸಿಗುವುದಿಲ್ಲ. ಸಂಗ್ರಾಹಕರಿಗೆ ಆ ಸೀಡಿಗಳು ಬೇಡವೇ ಬೇಡ. ಉಳಿದವುಗಳಲ್ಲೂ ಬಹುಪಾಲು ಗಂಟುಕಟ್ಟಿ ಮಾರುವಂಥವು. ಬೆಲೆ ಬಂದದ್ದು ಎಂಬತ್ತರ ದಶಕದ ಮೊದಲ ಅಚ್ಚುಗಳಿಗೆ ಮತ್ತು ಜಪಾನಿನ ಪ್ರತಿಗಳಿಗೆ, ಅದೂ ಬೆನ್ನಿಗೆ ಸುತ್ತಿದ ‘ಓಬಿ’ ಕಾಗದಪಟ್ಟಿ ಉಳಿದಿದ್ದರೆ. ಒಳವೃತ್ತದಲ್ಲಿ ‘ಐಎಫ್‌ಪಿಐ’ ಅಂತ ಪುಟ್ಟ ಗುರುತು ಕಂಡರೆ ಅದು ಎಂಬತ್ತರ ದಶಕದ ಅಚ್ಚಲ್ಲ. ಆ ಗುರುತು ಬಂದದ್ದೇ 1994ರಲ್ಲಿ. ಕೆಳಬದಿಯ ಗೀರಿಗಿಂತ ಹೆಸರು ಅಚ್ಚಾದ ಮೇಲ್ಬದಿಯ ಗೀರು ಅಪಾಯ, ದಾಖಲಾದ ಪದರ ಅದರ ಕೆಳಗೇ ಇರುತ್ತದೆ. ಬಲ್ಬಿಗೆ ಹಿಡಿದು ನೋಡಿದಾಗ ನನ್ನದೊಂದರಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡವು, ಆ ಪದರ ತೂತಾಗಿತ್ತು. ಅದನ್ನು ಪಟ್ಟಿಯಿಂದ ತೆಗೆದೆ.

ಕಟ್ಟುವುದನ್ನು ಕಲಿತದ್ದೂ ಒಂದು ನಷ್ಟದಿಂದಲೇ. ತಟ್ಟೆಯನ್ನು ಕವರಿನೊಳಗೇ ಬಿಟ್ಟು ಕಳಿಸಿದ್ದೆ; ಪಾರ್ಸೆಲ್ಲನ್ನು ಎಲ್ಲೋ ಎತ್ತಿಹಾಕಿದಾಗ ತಟ್ಟೆ ಒಳಗಿಂದಲೇ ಜಾರಿ ಕವರಿನ ಕೆಳಗಂಚನ್ನು ಚಾಕುವಿನಂತೆ ಸೀಳಿತ್ತು. ಈಗ ತಟ್ಟೆಯನ್ನು ಒಳಕವರಿನ ಸಮೇತ ಹೊರಗೆ ತೆಗೆದು, ಕವರಿನ ಹಿಂದೆ ಇಟ್ಟು, ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತೇನೆ. ಎರಡೂ ಬದಿಗೆ ಗಟ್ಟಿ ರಟ್ಟು, ಒಂದರೊಳಗಿನ ಏಣುಗೆರೆ ಅಡ್ಡ, ಇನ್ನೊಂದರದು ಉದ್ದ, ಹಾಗಿದ್ದರೆ ಬಗ್ಗುವುದಿಲ್ಲ. ರಟ್ಟು ಕವರಿಗಿಂತ ಸ್ವಲ್ಪ ದೊಡ್ಡದಿದ್ದರೆ ಮೂಲೆ ಬಿದ್ದಾಗ ಮುರಿಯುವುದು ರಟ್ಟು, ಕವರಲ್ಲ.

ಎಂಟು ತಿಂಗಳಲ್ಲಿ ನೂರೆಂಬತ್ತು ಹೋದವು. ಮತ್ತೆ ಅದೇ ವ್ಯಾಪಾರಿಗೆ ಫೋನ್ ಮಾಡಿದೆ. ಬಂದರು, ಮಗುಚಿದರು. ಈ ಸಲ ಬೆರಳು ಎಲ್ಲೂ ನಿಲ್ಲಲಿಲ್ಲ.

“ಕೆನೆಯೆಲ್ಲ ತೆಗೆದುಬಿಟ್ಟಿದ್ದೀರಲ್ಲ ಸಾರ್,” ಅಂತ ನಕ್ಕರು. ಮೊತ್ತ ಹೇಳಿದರು, ಚೌಕಾಸಿ ಮಾಡದೆ ಒಪ್ಪಿದೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ಕೇಳಿದರು. ಅವನ್ನು ಮಾತ್ರ ಕೊಡಲಿಲ್ಲ. ಇನ್ನೂ ಹದಿನಾಲ್ಕು ಪಾರ್ಸೆಲ್ ಕಟ್ಟುವುದಿತ್ತು.